ಯುದ್ಧಬಂಧಿತರ ಸರ್ಕಾರಿ ದಾಖಲೆಗಳು (ಎರಡನೇ ಮಹಾಯುದ್ಧ, ಭಾರತ)

ಎರಡನೇ ಮಹಾಯುದ್ಧದ ಕಾಲದಲ್ಲಿ (1939–1945) ಸೆರೆಯಲ್ಲಿದ್ದವರನ್ನು ಹೇಗೆ ನಡೆಸಿಕೊಳ್ಳಲಾಯಿತು, ಅವರನ್ನು ಯಾರು ಏನೆಂದು ಪ್ರಶ್ನಿಸಿದರು ಎಂಬುದನ್ನು ಕುರಿತು ಸರ್ಕಾರಗಳು ಬರೆದಿಟ್ಟ ಕಾಗದಪತ್ರಗಳೇ ಯುದ್ಧಬಂಧಿತರ ಸರ್ಕಾರಿ ದಾಖಲೆಗಳು. ಭಾರತದ ಮಟ್ಟಿಗೆ ಇವು ಮೂರು ಬಗೆಯ ಜನರಿಗೆ ಸಂಬಂಧಿಸಿವೆ: ಇಲ್ಲಿನ ಶಿಬಿರಗಳಲ್ಲಿದ್ದ ಇಟಾಲಿಯನ್ ಮತ್ತಿತರ ವಿದೇಶಿ ಕೈದಿಗಳು, ಜಪಾನಿನ ಕೈಗೆ ಸಿಕ್ಕಿ ಮರಳಿದ ಭಾರತೀಯ ಸೈನಿಕರು, ಹಾಗೂ ಭಾರತ ರಕ್ಷಣಾ ನಿಯಮಗಳ ಅಡಿ ಮೊಕದ್ದಮೆಯಿಲ್ಲದೆ ಬಂಧನದಲ್ಲಿದ್ದ ರಾಜಕೀಯ ಕಾರ್ಯಕರ್ತರು. ಕರ್ನಾಟಕಕ್ಕೆ ಈ ಮೂರರೊಡನೆಯೂ ನಂಟಿದೆ. ಬೆಂಗಳೂರು ಇಟಾಲಿಯನ್ ಕೈದಿಗಳ ದೊಡ್ಡ ನೆಲೆಗಳಲ್ಲೊಂದಾಗಿತ್ತು. ಮೈಸೂರು ಸಂಸ್ಥಾನದ ಪಡೆಯೊಂದು ಸಿಂಗಪುರದಲ್ಲಿ ಸೆರೆಯಾಯಿತು. 1942ರ ಚಳವಳಿಯಲ್ಲಿ ಸಂಸ್ಥಾನದ ಸೆರೆಮನೆಗಳು ತುಂಬಿದವು. ಆದರೆ ಈ ದಾಖಲೆಗಳ ಬಹುಭಾಗ ಕರ್ನಾಟಕದಲ್ಲಿಲ್ಲ. ದೆಹಲಿ, ಲಂಡನ್, ಜಿನೀವಾ ಮತ್ತು ಕ್ಯಾನ್‌ಬೆರಾಗಳಲ್ಲಿ ಅವು ಹಂಚಿಹೋಗಿವೆ.

ಇವು ಸೆರೆಹಿಡಿದವರು ತಮ್ಮ ಅಗತ್ಯಕ್ಕಾಗಿ ಬರೆದುಕೊಂಡ ದಾಖಲೆಗಳು. ಹಾಗಿದ್ದರೂ ಯುದ್ಧ ಮುಗಿದ ಮೇಲೆ ಸೈನಿಕನ ಸಂಬಳ, ನೌಕರಿ, ಮುಂದೆ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಇವೆಲ್ಲವೂ ಇದೇ ಕಾಗದಗಳನ್ನು ಅವಲಂಬಿಸಿದವು.

ಪರಿಭಾಷೆ

ಕನ್ನಡದಲ್ಲಿ ‘ವಿಚಾರಣೆ’ ಎಂಬ ಒಂದೇ ಪದ ನ್ಯಾಯಾಲಯದಲ್ಲಿ ನಡೆಯುವ ಪ್ರಕ್ರಿಯೆಗೂ ಅಧಿಕಾರಿಯು ಬಂಧಿತನನ್ನು ಪ್ರಶ್ನಿಸುವುದಕ್ಕೂ ಬಳಕೆಯಲ್ಲಿದೆ. ಈ ಲೇಖನದಲ್ಲಿ ಎರಡನೆಯ ಅರ್ಥದಲ್ಲಿ ಮಾತ್ರ ಅದನ್ನು ಬಳಸಲಾಗಿದೆ. ನ್ಯಾಯಾಲಯದ ಪ್ರಕ್ರಿಯೆಯನ್ನು ‘ಮೊಕದ್ದಮೆ’ ಎನ್ನಲಾಗಿದೆ. ‘ಯುದ್ಧಕೈದಿ’ ಎಂದರೆ ಶತ್ರುಪಕ್ಷದ ಕೈಗೆ ಸಿಕ್ಕಿದ ಸೈನಿಕ. ಯುದ್ಧದ ಕಾರಣಕ್ಕೆ ಬಂಧನದಲ್ಲಿದ್ದ ನಾಗರಿಕರನ್ನೂ ಸೇರಿಸಿ ಹೇಳುವಾಗ ‘ಯುದ್ಧಬಂಧಿತರು’ ಎಂಬ ಪದ ಬಳಕೆಯಾಗಿದೆ.

ಕಾನೂನಿನ ಹಿನ್ನೆಲೆ

ಯುದ್ಧಕೈದಿಗಳ ಬಗ್ಗೆ ಸರ್ಕಾರಗಳು ಇಷ್ಟೊಂದು ಕಾಗದ ತುಂಬಿಸಲು ಅಂತರರಾಷ್ಟ್ರೀಯ ಕಾನೂನೇ ಮುಖ್ಯ ಕಾರಣ. 1907ರ ಹೇಗ್ ನಿಯಮಾವಳಿ ಯುದ್ಧ ನಡೆಸುವ ಪ್ರತಿಯೊಂದು ರಾಷ್ಟ್ರವೂ ಕೈದಿಗಳ ಮಾಹಿತಿ ಕಚೇರಿಯನ್ನು ತೆರೆಯಬೇಕೆಂದು ಹೇಳಿತು. 1929ರ ಜುಲೈ 27ರಂದು ಸಹಿಯಾದ ಜಿನೀವಾ ಒಪ್ಪಂದ ಇದನ್ನು ಇನ್ನಷ್ಟು ವಿಸ್ತರಿಸಿತು. ಶಿಬಿರಕ್ಕೆ ಬಂದ ಒಂದು ವಾರದೊಳಗೆ ಕೈದಿಯು ಮನೆಗೆ ಒಂದು ಕಾರ್ಡು ಬರೆಯಲು ಅವಕಾಶ ಕೊಡಬೇಕು. ಅವನ ಹೆಸರು, ದರ್ಜೆ, ಆರೋಗ್ಯ, ವರ್ಗಾವಣೆ, ಸಾವುಗಳ ವಿವರವನ್ನು ಎದುರು ಪಕ್ಷಕ್ಕೆ ತಿಳಿಸಬೇಕು. ತನ್ನನ್ನಿಟ್ಟಿರುವ ಸ್ಥಿತಿಯ ಬಗ್ಗೆ ದೂರು ಕೊಡುವ ಹಕ್ಕು ಅವನಿಗಿರಬೇಕು. ತಟಸ್ಥ ರಾಷ್ಟ್ರದ ಪ್ರತಿನಿಧಿಗಳು ಶಿಬಿರಕ್ಕೆ ಬಂದು ಸಾಕ್ಷಿಗಳಿಲ್ಲದೆ ಕೈದಿಗಳೊಡನೆ ಮಾತನಾಡಲು ಬಿಡಬೇಕು. ಈ ಒಂದೊಂದು ವಿಧಿಯೂ ಒಂದೊಂದು ಬಗೆಯ ಕಡತವನ್ನು ಹುಟ್ಟಿಸಿತು.

ವಿಚಾರಣೆಯ ಬಗ್ಗೆ ಒಪ್ಪಂದದ 5ನೇ ವಿಧಿ ಸ್ಪಷ್ಟವಾಗಿತ್ತು. ಕೈದಿಯು ತನ್ನ ನಿಜವಾದ ಹೆಸರು ಮತ್ತು ದರ್ಜೆಯನ್ನು ಅಥವಾ ಸೇನಾ ಸಂಖ್ಯೆಯನ್ನು ಹೇಳಿದರೆ ಸಾಕು. ಅವನ ಸೇನೆಯ ಅಥವಾ ದೇಶದ ಸ್ಥಿತಿಗತಿಯ ಬಗ್ಗೆ ಮಾಹಿತಿ ಪಡೆಯಲು ಒತ್ತಡ ಹೇರಕೂಡದು. ಉತ್ತರಿಸಲು ಒಪ್ಪದವನನ್ನು ಬೆದರಿಸಕೂಡದು, ಅವಮಾನಿಸಕೂಡದು. ಪ್ರಶ್ನೆ ಕೇಳುವುದಕ್ಕೆ ನಿಷೇಧವಿರಲಿಲ್ಲ, ಕೇಳುವ ಬಗೆಗಷ್ಟೇ ಮಿತಿಯಿತ್ತು. ಆದರೆ ಕೇಳಿದ್ದನ್ನು, ಕೇಳಿದ ಬಗೆಯನ್ನು ಬರೆದಿಡಬೇಕೆಂಬ ನಿಯಮ ಎಲ್ಲಿಯೂ ಇರಲಿಲ್ಲ. ಆದ್ದರಿಂದ ಪಡಿತರದ ತೂಕ ಮತ್ತು ಹಾಸಿಗೆಗಳ ಎಣಿಕೆ ವಿವರವಾಗಿ ಉಳಿದಿರುವ ಕಡತಗಳಲ್ಲಿಯೂ ವಿಚಾರಣೆಯ ಕೊಠಡಿಯೊಳಗೆ ನಡೆದದ್ದು ‘ಉತ್ತರ’ದ ರೂಪದಲ್ಲಷ್ಟೇ ಕಾಣಿಸುತ್ತದೆ.

ಬ್ರಿಟನ್ ಮತ್ತು ಬ್ರಿಟಿಷ್ ಭಾರತಗಳು ಈ ಒಪ್ಪಂದಕ್ಕೆ ಬದ್ಧವಾಗಿದ್ದವು. ಜಪಾನ್ ಸಹಿ ಹಾಕಿತ್ತಾದರೂ ಅನುಮೋದಿಸಿರಲಿಲ್ಲ; 1942ರ ಆರಂಭದಲ್ಲಿ ಅದು ಒಪ್ಪಂದವನ್ನು ಅಗತ್ಯ ಮಾರ್ಪಾಡುಗಳೊಡನೆ ಪಾಲಿಸುವುದಾಗಿ ತಿಳಿಸಿತು.

ಮೊದಲಿನ ನಿದರ್ಶನಗಳು

ಕರ್ನಾಟಕದ ನೆಲದಲ್ಲಿ ಯುದ್ಧಕೈದಿಗಳ ಶಿಬಿರ ಹೊಸದಾಗಿರಲಿಲ್ಲ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಸೆರೆಯಾದ ಬೋಯರರನ್ನು ಭಾರತದ ಹಲವೆಡೆ ಇರಿಸಿದಾಗ ಬಳ್ಳಾರಿಯೂ ಅವುಗಳಲ್ಲೊಂದಾಗಿತ್ತು. ಮೊದಲ ಮಹಾಯುದ್ಧದಲ್ಲಿ ಅದೇ ಊರಿನಲ್ಲಿ ತುರ್ಕಿ ಸಾಮ್ರಾಜ್ಯದ ಕೈದಿಗಳಿದ್ದರು. ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಪ್ರತಿನಿಧಿಗಳು 1917ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಭಾರತ ಮತ್ತು ಬರ್ಮಾದ ಶಿಬಿರಗಳನ್ನು ನೋಡಿ ಬರೆದ ವರದಿ ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾಯಿತು. ಬಳ್ಳಾರಿಯ ಶಿಬಿರ ಅದರಲ್ಲಿ ಸೇರಿದೆ. ಕನ್ನಡನಾಡಿನ ಯುದ್ಧಕೈದಿ ಶಿಬಿರವೊಂದರ ಬಗ್ಗೆ ಸರ್ಕಾರಕ್ಕೆ ಸೇರದವರು ಬರೆದು, ಯುದ್ಧ ಮುಗಿಯುವ ಮೊದಲೇ ಪ್ರಕಟವಾದ ವರದಿ ಎಂಬ ಕಾರಣಕ್ಕೆ ಅದಕ್ಕೆ ವಿಶೇಷ ಬೆಲೆಯಿದೆ. ಮಂಗಳೂರು ಮತ್ತು ಧಾರವಾಡ ಭಾಗದಲ್ಲಿ ಕೆಲಸ ಮಾಡುತ್ತಿದ್ದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳೂ ಅದೇ ಯುದ್ಧದಲ್ಲಿ ಶತ್ರುದೇಶದ ಪ್ರಜೆಗಳೆಂದು ಬಂಧನಕ್ಕೊಳಗಾದರು.

ಬೆಂಗಳೂರಿನ ಇಟಾಲಿಯನ್ ಶಿಬಿರಗಳು

1940ರ ಜೂನ್ 10ರಂದು ಇಟಲಿ ಯುದ್ಧಕ್ಕಿಳಿಯಿತು. ಆ ವರ್ಷದ ಡಿಸೆಂಬರಿನಿಂದ 1941ರ ಫೆಬ್ರವರಿವರೆಗೆ ಉತ್ತರ ಆಫ್ರಿಕದಲ್ಲಿ ನಡೆದ ಬ್ರಿಟಿಷ್ ದಾಳಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಇಟಾಲಿಯನ್ ಸೈನಿಕರು ಶರಣಾದರು. ಇಷ್ಟು ಜನರನ್ನು ಈಜಿಪ್ಟಿನಲ್ಲಿ ಇಟ್ಟುಕೊಳ್ಳಲು ನೀರು, ಆಹಾರ, ಕಾವಲು ಮೂರೂ ಸಾಲದಾಗಿ ಅವರನ್ನು ಹಡಗುಗಳಲ್ಲಿ ಭಾರತ, ದಕ್ಷಿಣ ಆಫ್ರಿಕ, ಕೀನ್ಯಾ, ಆಸ್ಟ್ರೇಲಿಯಾಗಳಿಗೆ ಸಾಗಿಸಲಾಯಿತು. ಭಾರತಕ್ಕೆ ಬಂದವರು ಅರವತ್ತು ಸಾವಿರಕ್ಕೂ ಹೆಚ್ಚು. ಬೆಂಗಳೂರು, ಭೋಪಾಲ, ರಾಮಗಢ, ಡೆಹ್ರಾಡೂನ್ ಮತ್ತು ಇಂದಿನ ಹಿಮಾಚಲ ಪ್ರದೇಶದ ಯೋಲ್ ಇವು ಅವರ ಮುಖ್ಯ ನೆಲೆಗಳು.

ಬೆಂಗಳೂರಿನಲ್ಲಿ ಮುಳ್ಳುತಂತಿಯಿಂದ ಬೇರ್ಪಡಿಸಿದ ಹಲವು ಶಿಬಿರಗಳ ಗುಂಪೇ ಇತ್ತು. ಜಾಲಹಳ್ಳಿಯ ಸೇನಾ ಆಸ್ಪತ್ರೆಯ ಹಳೆಯ ಕಟ್ಟಡಗಳನ್ನು ಇಟಾಲಿಯನ್ ಕೈದಿಗಳು ಕಟ್ಟಿದರೆಂಬುದು ಊರಿನಲ್ಲಿ ಇಂದಿಗೂ ಉಳಿದಿರುವ ಮಾತು. ಕೈದಿಗಳನ್ನು ಕೆಲಸಕ್ಕೆ ಹಚ್ಚಲು ಒಪ್ಪಂದದಲ್ಲಿ ಅವಕಾಶವಿತ್ತು. ಸಾಮಾನ್ಯ ಸೈನಿಕರಿಂದ ಕೂಲಿ ಕೊಟ್ಟು ಕೆಲಸ ಮಾಡಿಸಬಹುದಿತ್ತು. ಆದರೆ ಅದು ಯುದ್ಧಕಾರ್ಯಕ್ಕೆ ನೇರವಾಗಿ ಸಂಬಂಧಿಸಿರಕೂಡದು. ಅಧಿಕಾರಿಗಳನ್ನು ಅವರು ತಾವಾಗಿ ಕೇಳದ ಹೊರತು ದುಡಿಸುವಂತಿರಲಿಲ್ಲ.

ಈ ಕೈದಿಗಳ ಯುದ್ಧಸಂಬಂಧಿ ವಿಚಾರಣೆಯ ಮುಖ್ಯ ಭಾಗ ಅವರು ಭಾರತಕ್ಕೆ ಬರುವ ಮೊದಲೇ ಈಜಿಪ್ಟಿನಲ್ಲಿ ಮುಗಿಯುತ್ತಿತ್ತು. ಕೈರೋ ಬಳಿಯ ಮಾದಿಯಲ್ಲಿ ಇದಕ್ಕಾಗಿ ಒಂದು ಕೇಂದ್ರವಿತ್ತು. ಆರಿಸಿದ ಕೆಲವರನ್ನು ಬಚ್ಚಿಟ್ಟ ಮೈಕ್ರೊಫೋನುಗಳಿರುವ ಕೋಣೆಗಳಲ್ಲಿರಿಸಿ, ತಮ್ಮತಮ್ಮಲ್ಲಿ ಆಡಿದ ಮಾತನ್ನು ಬರೆದುಕೊಳ್ಳುವುದು ಬ್ರಿಟಿಷ್ ಗುಪ್ತಚರ ವಿಭಾಗದ ಮೆಚ್ಚಿನ ವಿಧಾನ. ಒತ್ತಡ ಹೇರಕೂಡದೆಂಬ 5ನೇ ವಿಧಿಯನ್ನು ಮುರಿಯದೆ ಮಾಹಿತಿ ಪಡೆಯುವ ಜಾಣ ದಾರಿಯಿದು. ಇಂಗ್ಲೆಂಡಿನ ಟ್ರೆಂಟ್ ಪಾರ್ಕ್ ಬಂಗಲೆಯಲ್ಲಿ ಜರ್ಮನ್ ಸೇನಾಪತಿಗಳ ಮಾತುಗಳನ್ನು ಹೀಗೆ ಕದ್ದು ಕೇಳಿ ಬರೆದ ಸಾವಿರಾರು ಪುಟಗಳು ದಶಕಗಳ ಕಾಲ ಗೋಪ್ಯವಾಗಿದ್ದು, 1990ರ ದಶಕದಲ್ಲಿ ಸಂಶೋಧಕರಿಗೆ ದೊರೆತವು. ಜರ್ಮನ್ ಇತಿಹಾಸಕಾರ ಜೋಂಕೆ ನೈಟ್ಸೆಲ್ ಅವುಗಳ ಆಧಾರದಿಂದ 2005ರಲ್ಲಿ ಪುಸ್ತಕ ಹೊರತಂದರು.

ಭಾರತದ ಶಿಬಿರಗಳಲ್ಲಿ ಕೈದಿಗಳನ್ನು ಪ್ರಶ್ನಿಸಿದ್ದು ಬೇರೆ ಉದ್ದೇಶಕ್ಕೆ: ಯಾರು ಫ್ಯಾಸಿಸ್ಟ್ ನಿಷ್ಠೆ ಉಳಿಸಿಕೊಂಡವರು, ಯಾರು ಮಿತ್ರಪಕ್ಷದ ಕಡೆ ತಿರುಗಬಲ್ಲವರು ಎಂದು ವಿಂಗಡಿಸಲು. ಫ್ಯಾಸಿಸ್ಟ್ ವಿರೋಧಿ ಇಟಾಲಿಯನ್ ಪಡೆಯೊಂದನ್ನು ಕಟ್ಟುವ ಯತ್ನವೂ ನಡೆದು, ಸಾಕಷ್ಟು ಸ್ವಯಂಸೇವಕರು ಸಿಗದೆ ಸೋತಿತು. 1943ರ ಸೆಪ್ಟೆಂಬರ್ 8ರಂದು ಇಟಲಿಯ ಶರಣಾಗತಿ ಪ್ರಕಟವಾದ ಮೇಲೆ ಕೈದಿಗಳು ‘ಸಹಕರಿಸುವವರು’ ಮತ್ತು ‘ಸಹಕರಿಸದವರು’ ಎಂದು ಅಧಿಕೃತವಾಗಿಯೇ ಇಬ್ಭಾಗವಾದರು. ಮೊದಲನೆಯವರಿಗೆ ಓಡಾಟದ ಸ್ವಾತಂತ್ರ್ಯ ಮತ್ತಿತರ ಸೌಲಭ್ಯಗಳು ಹೆಚ್ಚಿದವು. ಯುದ್ಧ ಮುಗಿದ ನಂತರವೂ ಹಡಗುಗಳ ಕೊರತೆಯಿಂದ ಹಲವರು ಕಾಯಬೇಕಾಯಿತು. ಈ ಕೈದಿಗಳ ಸಮಗ್ರ ಇತಿಹಾಸವನ್ನು ಬಾಬ್ ಮೂರ್ ಮತ್ತು ಕೆಂಟ್ ಫೆಡೊರೊವಿಚ್ 2002ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ.

ಬೆಂಗಳೂರಿನ ಶಿಬಿರಗಳ ಕಡತಗಳನ್ನು ಬೆಂಗಳೂರಿನಲ್ಲಿ ಹುಡುಕುವವರಿಗೆ ನಿರಾಶೆಯಾಗುವುದಕ್ಕೆ ಆಡಳಿತದ ಕಾರಣವಿದೆ. ಶಿಬಿರಗಳು ಮೈಸೂರು ಸರ್ಕಾರದ ಕೈಯಲ್ಲಿರಲಿಲ್ಲ, ಬ್ರಿಟಿಷ್ ಭಾರತದ ಸೇನಾ ಆಡಳಿತಕ್ಕೆ ಸೇರಿದ್ದವು. ಬೆಂಗಳೂರಿನ ದಂಡು ಪ್ರದೇಶ ಕೂಡ 1947ರ ಜುಲೈವರೆಗೆ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿತ್ತು. ಹೀಗಾಗಿ ಕಾಗದಗಳು ದೆಹಲಿಗೂ ಲಂಡನ್ನಿಗೂ ಹೋದವು.

ಸಿಂಗಪುರದಲ್ಲಿ ಸೆರೆಯಾದವರು

1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿನ ವಶವಾಯಿತು. ಎರಡು ದಿನಗಳ ನಂತರ ಫ್ಯಾರರ್ ಪಾರ್ಕ್ ಮೈದಾನದಲ್ಲಿ ಭಾರತೀಯ ಸೈನಿಕರನ್ನು ಬ್ರಿಟಿಷ್ ಅಧಿಕಾರಿಗಳಿಂದ ಬೇರ್ಪಡಿಸಿ ಜಪಾನೀಯರಿಗೆ ಒಪ್ಪಿಸಲಾಯಿತು. ಅಂದು ಸೆರೆಯಾದ ಭಾರತೀಯರು ನಲವತ್ತು ಸಾವಿರಕ್ಕೂ ಹೆಚ್ಚು. ಮಲಯ ಮತ್ತು ಸಿಂಗಪುರದ ರಕ್ಷಣೆಗೆ ಹೋಗಿದ್ದ ದೇಶೀಯ ಸಂಸ್ಥಾನಗಳ ಪಡೆಗಳಲ್ಲಿ ಹೈದರಾಬಾದ್, ಬಹಾವಲ್‌ಪುರ, ಜೀಂದ್ ಪಡೆಗಳ ಜೊತೆಗೆ ಮೈಸೂರು ಇನ್‌ಫೆಂಟ್ರಿಯ ಮೊದಲ ಬೆಟಾಲಿಯನ್ನೂ ಇತ್ತು. ಹೀಗೆ ಮೈಸೂರು ಸಂಸ್ಥಾನದ ಸೈನಿಕರು ಜಪಾನಿನ ಯುದ್ಧಕೈದಿಗಳಾದರು.

ಇವರ ಮುಂದೆ ಎರಡು ದಾರಿಗಳಿದ್ದವು. ಒಂದು, ಕ್ಯಾಪ್ಟನ್ ಮೋಹನ್ ಸಿಂಗ್ ಕಟ್ಟಿದ, 1943ರ ಜುಲೈಯಿಂದ ಸುಭಾಷ್‌ಚಂದ್ರ ಬೋಸ್ ಮುನ್ನಡೆಸಿದ ಆಜಾದ್ ಹಿಂದ್ ಫೌಜ್ ಸೇರುವುದು. ಇನ್ನೊಂದು, ಕೈದಿಯಾಗಿಯೇ ಉಳಿಯುವುದು. ಉಳಿದವರಲ್ಲಿ ಸಾವಿರಾರು ಜನರನ್ನು ಹಡಗುಗಳ ತಳದಲ್ಲಿ ತುಂಬಿ ನ್ಯೂ ಗಿನಿ, ನ್ಯೂ ಬ್ರಿಟನ್, ಪಲಾವ್ ದ್ವೀಪಗಳಿಗೆ ಕೂಲಿ ಕೆಲಸಕ್ಕೆ ಒಯ್ಯಲಾಯಿತು. ಹಸಿವು, ಬೆರಿಬೆರಿ, ಮಲೇರಿಯಾ, ಹೊಡೆತ ಮತ್ತು ಮಿತ್ರಪಕ್ಷದ ಬಾಂಬುಗಳಿಗೆ ಬಲಿಯಾದವರು ಬಹಳ. ಸಿಂಗಪುರದ ಕ್ರಾಂಜಿ ಸ್ಮಾರಕದ ಗೋಡೆಗಳಲ್ಲಿ ಸಮಾಧಿಯಿಲ್ಲದೆ ಸತ್ತ ಭಾರತೀಯ ಸೈನಿಕರ ಹೆಸರುಗಳಿವೆ.

ಜಪಾನಿನ ಕಡೆಯ ದಾಖಲೆಗಳು ಅಷ್ಟಾಗಿ ಉಳಿಯಲಿಲ್ಲ. 1945ರ ಆಗಸ್ಟ್ 20ರಂದು ಟೋಕಿಯೋದಿಂದ ಶಿಬಿರಗಳಿಗೆ ಹೋದ ತಂತಿಯೊಂದು, ಶತ್ರುವಿನ ಕೈಗೆ ಸಿಕ್ಕರೆ ಪ್ರತಿಕೂಲವಾಗುವ ಕಾಗದಗಳನ್ನು ನಾಶಪಡಿಸಬೇಕೆಂದೂ ಕೈದಿಗಳನ್ನು ಹಿಂಸಿಸಿದ ಸಿಬ್ಬಂದಿ ತಲೆಮರೆಸಿಕೊಳ್ಳಬಹುದೆಂದೂ ಸೂಚಿಸಿತು. ನಾಶಮಾಡಲು ಹೇಳಿದ ಆ ತಂತಿ ಮಾತ್ರ ಉಳಿದು, ಟೋಕಿಯೋ ನ್ಯಾಯಮಂಡಲಿಯ ಮುಂದೆ ಸಾಕ್ಷ್ಯವಾಯಿತು.

ಆದ್ದರಿಂದ ಭಾರತೀಯ ಕೈದಿಗಳು ಅನುಭವಿಸಿದ್ದು ಮುಖ್ಯವಾಗಿ ತಿಳಿಯುವುದು ಯುದ್ಧಾಪರಾಧ ಮೊಕದ್ದಮೆಗಳ ಹೇಳಿಕೆಗಳಿಂದ. ಸಿಂಗಪುರದಲ್ಲಿ ಬ್ರಿಟಿಷರು ನಡೆಸಿದ ಮೊದಲ ಯುದ್ಧಾಪರಾಧ ಮೊಕದ್ದಮೆ, ಅಂದರೆ 1946ರ ಜನವರಿ 21ರಂದು ಆರಂಭವಾದ ಗೊಜಾವ ಸದಾಯಿಚಿ ಮತ್ತು ಇತರ ಒಂಬತ್ತು ಜನರ ಮೇಲಿನದು, ಪಲಾವ್‌ನ ಬಾಬೆಲ್‌ತುವಾಪ್ ದ್ವೀಪಕ್ಕೆ ಒಯ್ದ ಭಾರತೀಯ ಕೈದಿಗಳನ್ನು ಕುರಿತದ್ದೇ ಆಗಿತ್ತು. ಈ ಸಂಗತಿ ಭಾರತದಲ್ಲಿ ಹೆಚ್ಚು ಪ್ರಚಾರಕ್ಕೆ ಬರಲಿಲ್ಲ. ನ್ಯೂ ಬ್ರಿಟನ್‌ನ ರಬೌಲ್‌ನಲ್ಲಿ ಆಸ್ಟ್ರೇಲಿಯಾ ನಡೆಸಿದ ಮೊಕದ್ದಮೆಗಳಲ್ಲಿಯೂ ಭಾರತೀಯರು ಸಾಕ್ಷಿ ನುಡಿದರು. ಆ ಕಡತಗಳು ಈಗ ಆಸ್ಟ್ರೇಲಿಯಾದ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಕರ್ನಾಟಕದವರೊಬ್ಬರ ನೇರ ಬರಹವೂ ಉಳಿದಿದೆ. ಮಂಗಳೂರು ಕಡೆಯ ಜಾನ್ ಬ್ಯಾಪ್ಟಿಸ್ಟ್ ಕ್ರಾಸ್ತಾ (1910–1999) ಸಿಂಗಪುರದಲ್ಲಿ ಸೆರೆಯಾಗಿ, ಆಜಾದ್ ಹಿಂದ್ ಫೌಜ್ ಸೇರಲು ಒಪ್ಪದೆ, ನ್ಯೂ ಬ್ರಿಟನ್ನಿಗೆ ಸಾಗಿಸಲ್ಪಟ್ಟು, 1945ರಲ್ಲಿ ಬಿಡುಗಡೆಯಾದರು. 1946ರಲ್ಲಿ ಅವರು ಬರೆದಿಟ್ಟ ನೆನಪುಗಳು ಐವತ್ತು ವರ್ಷ ಅಚ್ಚಾಗದೆ ಉಳಿದು, 1997ರಲ್ಲಿ ಮಗ ಹಾಗೂ ಕಾದಂಬರಿಕಾರ ರಿಚರ್ಡ್ ಕ್ರಾಸ್ತಾ ಅವರ ಪ್ರಯತ್ನದಿಂದ ‘ಈಟನ್ ಬೈ ದ ಜಪನೀಸ್’ ಎಂಬ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದವು. ಸರ್ಕಾರಿ ಕಡತದಲ್ಲಿ ಸಂಖ್ಯೆಯಾಗಿ ಕಾಣುವ ಕೈದಿ ಇಲ್ಲಿ ತನ್ನ ಮಾತಿನಲ್ಲೇ ಹೇಳುತ್ತಾನೆ. ಆಜಾದ್ ಹಿಂದ್ ಫೌಜ್‌ನ ಬಗ್ಗೆ ನಾಡಿನಲ್ಲಿ ರೂಢಿಯಾದ ಚಿತ್ರಕ್ಕೆ ಹೊಂದದ ಅನುಭವಗಳೂ ಅದರಲ್ಲಿವೆ. ಬೋಸ್ ಅವರ ಸೇನೆಯನ್ನು ಸೇರದವರ ಕಥನಗಳು ಕಡಿಮೆಯಿರುವುದರಿಂದ ಅದನ್ನು ಬದಿಗಿಡುವಂತಿಲ್ಲ.

ಕೆಂಪುಕೋಟೆಯ ವಿಚಾರಣಾ ಕೇಂದ್ರ

ಮೂರೂ ಸೇನಾವಿಭಾಗಗಳಿಗೆ ಸಾಮಾನ್ಯವಾದ ವಿವರ ವಿಚಾರಣಾ ಕೇಂದ್ರಗಳನ್ನು ಬ್ರಿಟಿಷರು ಇಂಗ್ಲೆಂಡ್, ಈಜಿಪ್ಟ್ ಮತ್ತು ಭಾರತಗಳಲ್ಲಿ ನಡೆಸುತ್ತಿದ್ದರು. ಭಾರತದ ಕೇಂದ್ರ ದೆಹಲಿಯ ಕೆಂಪುಕೋಟೆಯಲ್ಲಿತ್ತು. ಜಪಾನಿ ಕೈದಿಗಳನ್ನಲ್ಲದೆ ಆಜಾದ್ ಹಿಂದ್ ಫೌಜ್‌ನಿಂದ ಸೆರೆಸಿಕ್ಕವರನ್ನೂ ಇಲ್ಲಿ ಪ್ರಶ್ನಿಸಲಾಯಿತು. ಯುದ್ಧಭೂಮಿಯ ಹತ್ತಿರದ ಘಟಕಗಳಲ್ಲಿ ಮೊದಲ ಸುತ್ತಿನ ಪ್ರಶ್ನೆಗಳು, ಮುಖ್ಯರೆನಿಸಿದವರಿಗೆ ದೆಹಲಿಯಲ್ಲಿ ವಿವರವಾದ ವಿಚಾರಣೆ ಎಂಬುದು ಕ್ರಮ.

ಬ್ರಿಟಿಷ್ ದೃಷ್ಟಿಯಲ್ಲಿ ಇವರು ಯುದ್ಧಕೈದಿಗಳಲ್ಲ. ತಮ್ಮದೇ ಸೇನೆಯ ನಿಷ್ಠೆ ತಪ್ಪಿದವರು. ಆದ್ದರಿಂದ ಜಿನೀವಾ ಒಪ್ಪಂದದ 5ನೇ ವಿಧಿಯ ರಕ್ಷಣೆ, ತಟಸ್ಥ ರಾಷ್ಟ್ರದ ಭೇಟಿ ಇವಾವುವೂ ಇವರಿಗೆ ದೊರೆಯಲಿಲ್ಲ. ವಿಚಾರಣೆಯ ಕೊನೆಯಲ್ಲಿ ಪ್ರತಿಯೊಬ್ಬನಿಗೂ ಒಂದು ಬಣ್ಣ ಬೀಳುತ್ತಿತ್ತು. ನಿಷ್ಠನಾಗಿ ಉಳಿದವನು ಅಥವಾ ತಪ್ಪಿಸಿಕೊಳ್ಳಲೆಂದೇ ಸೇರಿದವನು ‘ಬಿಳಿ’, ಒತ್ತಡಕ್ಕೆ ಅಥವಾ ಮಾತಿಗೆ ಮರುಳಾಗಿ ಸೇರಿದವನು ‘ಬೂದು’, ಮನಃಪೂರ್ವಕವಾಗಿ ಸೇರಿದವನು ‘ಕಪ್ಪು’. ಬಿಳಿಯವರು ಸೇನೆಗೆ ಮರಳಿದರು. ಬೂದು ಬಣ್ಣದವರನ್ನು ಸೇವೆಯಿಂದ ಬಿಡುಗಡೆ ಮಾಡಲಾಯಿತು. ಕಪ್ಪು ಬಣ್ಣದವರು ವಜಾಗೊಂಡು, ಸೆರೆಯಲ್ಲಿದ್ದ ಅವಧಿಯ ಸಂಬಳವನ್ನೂ ಕಳೆದುಕೊಂಡರು. ಅವರಲ್ಲಿ ಕೆಲವರ ಮೇಲೆ ಮೊಕದ್ದಮೆ ಹೂಡಲಾಯಿತು. ಮೂರೂವರೆ ವರ್ಷದ ಸಂಬಳ ಒಂದು ಸೈನಿಕ ಕುಟುಂಬಕ್ಕೆ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವಿಂಗಡಣೆಯ ತೊಡಕು ಅದರ ಮೂಲದಲ್ಲೇ ಇತ್ತು. ಬಣ್ಣ ನಿರ್ಧಾರವಾದದ್ದು ನಡೆದ ಕೃತ್ಯಕ್ಕಿಂತ ಹೆಚ್ಚಾಗಿ ಮನಸ್ಸಿನಲ್ಲಿದ್ದ ಉದ್ದೇ­ಶದ ಮೇಲೆ, ಉದ್ದೇಶ ತಿಳಿದದ್ದು ಬಂಧಿತನ ಹೇಳಿಕೆ ಮತ್ತು ಸಹಕೈದಿಗಳ ಮಾತಿನಿಂದ. ಬಿಳಿ ಎನಿಸಿಕೊಂಡರೆ ಸಂಬಳ ಉಳಿಯುತ್ತದೆಂದು ತಿಳಿದವನು ಏನು ಹೇಳುತ್ತಾನೆಂಬುದು ಊಹಿಸಬಹುದಾದ ಸಂಗತಿ. ಮುಂದೆ ಸ್ವತಂತ್ರ ಭಾರತದಲ್ಲಿ ಅದೇ ವ್ಯಕ್ತಿಗೆ ಕಪ್ಪು ಎನಿಸಿಕೊಂಡದ್ದೇ ಗೌರವವಾಯಿತು. ಆದ್ದರಿಂದ ಈ ವರದಿಗಳನ್ನು ಬಳಸುವ ಇತಿಹಾಸಕಾರರು ಹೇಳಿಕೆಯ ದಿನಾಂಕವನ್ನೂ ಅದನ್ನು ಯಾರ ಮುಂದೆ ಕೊಟ್ಟದ್ದೆಂಬುದನ್ನೂ ಮೊದಲು ನೋಡುತ್ತಾರೆ.

1945ರ ನವೆಂಬರ್ 5ರಿಂದ ಡಿಸೆಂಬರ್ 31ರವರೆಗೆ ಕೆಂಪುಕೋಟೆಯಲ್ಲಿ ಷಾ ನವಾಜ್ ಖಾನ್, ಪ್ರೇಮ್ ಸಹಗಲ್ ಮತ್ತು ಗುರುಬಕ್ಷ್ ಸಿಂಗ್ ಧಿಲ್ಲೋನ್ ಅವರ ಮೇಲೆ ಸೇನಾ ನ್ಯಾಯಾಲಯದ ಮೊಕದ್ದಮೆ ನಡೆಯಿತು. ಭೂಲಾಭಾಯಿ ದೇಸಾಯಿ ಅವರ ಪರ ವಾದಿಸಿದರು. ಮೂವರಿಗೂ ಆಜೀವ ಗಡೀಪಾರು, ವಜಾ ಮತ್ತು ಬಾಕಿ ಸಂಬಳದ ಮುಟ್ಟುಗೋಲಿನ ಶಿಕ್ಷೆಯಾಯಿತು. ದೇಶದಾದ್ಯಂತ ಎದ್ದ ಪ್ರತಿಭಟನೆಯ ನಡುವೆ ಪ್ರಧಾನ ದಂಡನಾಯಕ ಆಕಿನ್‌ಲೆಕ್ 1946ರ ಜನವರಿಯಲ್ಲಿ ಗಡೀಪಾರನ್ನು ರದ್ದುಪಡಿಸಿದರು, ಉಳಿದೆರಡನ್ನು ಎತ್ತಿಹಿಡಿದರು. ನಂತರದ ಮೊಕದ್ದಮೆಗಳಲ್ಲಿ ಆರೋಪದ ಸ್ವರೂಪ ಬದಲಾಯಿತು. ರಾಜದ್ರೋಹದ ಬದಲು, ಫೌಜ್ ಸೇರಲು ಒಪ್ಪದ ಸಹಕೈದಿಗಳನ್ನು ಹಿಂಸಿಸಿದ ಆರೋಪಕ್ಕೆ ಒತ್ತು ಬಿದ್ದಿತು. ಅಂಥ ಪ್ರಕರಣದಲ್ಲಿ ಕ್ಯಾಪ್ಟನ್ ಅಬ್ದುಲ್ ರಷೀದ್‌ಗೆ ಏಳು ವರ್ಷಗಳ ಕಠಿಣ ಶಿಕ್ಷೆಯಾದಾಗ 1946ರ ಫೆಬ್ರವರಿಯಲ್ಲಿ ಕಲ್ಕತ್ತ ಹೊತ್ತಿ ಉರಿಯಿತು.

ಈ ವಿಚಾರಣಾ ಕೆಲಸದಲ್ಲಿದ್ದ ಬ್ರಿಟಿಷ್ ಅಧಿಕಾರಿ ಹ್ಯೂ ಟಾಯ್ 1959ರಲ್ಲಿ ‘ದ ಸ್ಪ್ರಿಂಗಿಂಗ್ ಟೈಗರ್’ ಎಂಬ ಬೋಸ್ ಅವರ ಜೀವನಚರಿತ್ರೆಯನ್ನು ಪ್ರಕಟಿಸಿದರು. ಮೂಲ ವರದಿಗಳು ಸಾರ್ವಜನಿಕರಿಗೆ ಎಟುಕದಿದ್ದ ದಿನಗಳಲ್ಲಿ ಅವುಗಳ ಸಾರ ಓದುಗರನ್ನು ತಲುಪಿದ್ದು, ಪ್ರಶ್ನೆ ಕೇಳುವ ಪಕ್ಷದಲ್ಲಿದ್ದವರ ಲೇಖನಿಯ ಮೂಲಕ. ಪುಸ್ತಕದ ಧಾಟಿ ಅನೇಕರು ನಿರೀಕ್ಷಿಸಿದ್ದಕ್ಕಿಂತ ಸಹಾನುಭೂತಿಯುಳ್ಳದ್ದು.

ಭಾರತ ರಕ್ಷಣಾ ನಿಯಮಗಳ ಅಡಿ ಬಂಧಿತರು

1939ರ ಭಾರತ ರಕ್ಷಣಾ ಕಾಯಿದೆಯ ಅಡಿ ರಚಿಸಿದ ನಿಯಮಗಳಲ್ಲಿ 26ನೆಯದು ಮೊಕದ್ದಮೆಯಿಲ್ಲದೆ ಬಂಧಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. 1943ರಲ್ಲಿ ಕೇಶವ ತಳಪಡೆ ಪ್ರಕರಣದಲ್ಲಿ ಫೆಡರಲ್ ನ್ಯಾಯಾಲಯ ಈ ನಿಯಮ ಮೂಲ ಕಾಯಿದೆಯ ವ್ಯಾಪ್ತಿಯನ್ನು ಮೀರಿದೆ ಎಂದು ಹೇಳಿತು. ಬಂಧಿತರು ಬಿಡುಗಡೆಯಾಗಲಿಲ್ಲ, ಸರ್ಕಾರ ಕೆಲವೇ ದಿನಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಹಿಂದಿನ ಬಂಧನಗಳನ್ನೂ ಸಕ್ರಮಗೊಳಿಸಿತು.

ಈ ಬಂಧಿತರಿಗೆ ಜಿನೀವಾ ಒಪ್ಪಂದದ ಆಸರೆ ಇರಲಿಲ್ಲ. 1943ರ ಸೆಪ್ಟೆಂಬರಿನಲ್ಲಿ ಬಂಧಿತರಾದ ಜಯಪ್ರಕಾಶ್ ನಾರಾಯಣ್ ಅವರನ್ನು ಲಾಹೋರ್ ಕೋಟೆಯಲ್ಲಿರಿಸಿ, ನಿದ್ರೆಗೆಡಿಸಿ ದಿನಗಟ್ಟಲೆ ಪ್ರಶ್ನಿಸಲಾಯಿತು. ಅವರು ಅಲ್ಲಿಂದಲೇ ಪಂಜಾಬ್ ಸರ್ಕಾರಕ್ಕೆ ಬರೆದ ದೂರುಗಳು ಮುಂದೆ ಪುಸ್ತಕರೂಪದಲ್ಲಿ ಬಂದವು. ಮುಂದೆ 1951ರಲ್ಲಿ ಕಾಗೋಡು ಸತ್ಯಾಗ್ರಹಕ್ಕೆ ಬಂದು ಕನ್ನಡಿಗರಿಗೆ ಹತ್ತಿರದವರಾದ ರಾಮಮನೋಹರ ಲೋಹಿಯಾ 1944ರಲ್ಲಿ ಇದೇ ಕೋಟೆಯಲ್ಲಿ ಚಿತ್ರಹಿಂಸೆಗೆ ಒಳಗಾದರು.

ಮೈಸೂರು ಸಂಸ್ಥಾನದಲ್ಲಿ 1942ರ ಬಂಧನಗಳ ಜೊತೆಜೊತೆಗೆ ನಡೆದ ಈಸೂರು ಪ್ರಕರಣ ಬೇರೆ ಬಗೆಯದು. ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ 1942ರ ಸೆಪ್ಟೆಂಬರ್ 28ರಂದು ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಹತರಾದ ಮೇಲೆ ನಡೆದದ್ದು ಬಂಧನ ಮಾತ್ರವಲ್ಲ, ಕೊಲೆ ಮೊಕದ್ದಮೆ. ಐವರು ಗ್ರಾಮಸ್ಥರಿಗೆ 1943ರ ಮಾರ್ಚ್‌ನಲ್ಲಿ ಗಲ್ಲಾಯಿತು. ಮೊಕದ್ದಮೆ ನಡೆದಲ್ಲಿ ಸಾಕ್ಷ್ಯ, ಪಾಟೀ ಸವಾಲು, ತೀರ್ಪುಗಳ ದಾಖಲೆ ಹುಟ್ಟುತ್ತದೆ. ಮೊಕದ್ದಮೆಯಿಲ್ಲದ ಬಂಧನದಲ್ಲಿ ಉಳಿಯುವುದು ಒಂದು ಆದೇಶ ಮತ್ತು ಸೆರೆಮನೆಯ ಪ್ರವೇಶ ಪುಸ್ತಕದ ಒಂದು ಸಾಲು.

ಪಿಂಚಣಿಯ ಪುರಾವೆಯಾಗಿ ದಾಖಲೆಗಳು

ಆ ಒಂದು ಸಾಲಿನ ಬೆಲೆ ತಿಳಿದದ್ದು ಮೂವತ್ತು ವರ್ಷಗಳ ನಂತರ. 1972ರ ಆಗಸ್ಟ್ 15ರಂದು ಜಾರಿಗೆ ಬಂದು, 1980ರಲ್ಲಿ ಸ್ವತಂತ್ರತಾ ಸೈನಿಕ ಸಮ್ಮಾನ್ ಎಂದು ಹೆಸರು ಬದಲಿಸಿಕೊಂಡ ಕೇಂದ್ರದ ಪಿಂಚಣಿ ಯೋಜನೆ ಸಾಮಾನ್ಯವಾಗಿ ಆರು ತಿಂಗಳ, ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮೂರು ತಿಂಗಳ ಸೆರೆವಾಸವನ್ನು ಅರ್ಹತೆಯಾಗಿ ಕೇಳಿತು. ಆಜಾದ್ ಹಿಂದ್ ಫೌಜ್‌ನವರೂ ಅದರ ವ್ಯಾಪ್ತಿಗೆ ಬಂದರು. ಪುರಾವೆಯಾಗಿ ಸೆರೆಮನೆ ಅಥವಾ ಜಿಲ್ಲಾಡಳಿತದ ಪ್ರಮಾಣಪತ್ರ ಬೇಕು. ಮೂಲ ದಾಖಲೆ ಇಲ್ಲದಿದ್ದರೆ, ಅದು ಲಭ್ಯವಿಲ್ಲವೆಂಬ ಸರ್ಕಾರಿ ಪ್ರಮಾಣಪತ್ರದೊಡನೆ ಸಹಬಂಧಿತರ ದೃಢೀಕರಣ ಬೇಕು. ಉದಾಹರಣೆಗೆ ತುಮಕೂರು ತಾಲ್ಲೂಕಿನ ಹೆಬ್ಬೂರು ಹೋಬಳಿಯ ಹಳ್ಳಿಯೊಂದರಿಂದ ಅರ್ಜಿ ಹಾಕುವವರು ತುಮಕೂರಿನ ಜಿಲ್ಲಾ ಕಚೇರಿಯ ಮೂಲಕ ತಮ್ಮ ಹೆಸರನ್ನು ಸೆರೆಮನೆಯ ಹಳೆಯ ಪುಸ್ತಕದಲ್ಲಿ ಹುಡುಕಿಸಬೇಕಿತ್ತು. ಪುಸ್ತಕ ಸಿಗದಿದ್ದರೆ ತಮ್ಮೊಡನೆ ಸೆರೆಯಲ್ಲಿದ್ದು ಇನ್ನೂ ಬದುಕಿರುವವರನ್ನು ಹುಡುಕಬೇಕಿತ್ತು. ಬಂಧಿಸಿದ್ದು ಸರ್ಕಾರ, ಪುಸ್ತಕ ಇಟ್ಟದ್ದೂ ಸರ್ಕಾರ. ಕಳೆದುಹೋದ ಪುಸ್ತಕದ ಭಾರ ಬಿದ್ದದ್ದು ಬಂಧಿತನ ಮೇಲೆ.

ಈ ಬಗ್ಗೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಪ್ರಕರಣಗಳು ಹಲವು. 2001ರ ಗುರ್‌ದಯಾಳ್ ಸಿಂಗ್ ಪ್ರಕರಣದಲ್ಲಿ, ಇಂಥ ಅರ್ಜಿಗಳಿಗೆ ಅಪರಾಧ ಮೊಕದ್ದಮೆಯಲ್ಲಿ ಕೇಳುವ ಮಟ್ಟದ ರುಜುವಾತನ್ನು ಕೇಳಕೂಡದು, ಸಂಭವನೀಯತೆಯ ಆಧಾರದಲ್ಲಿ ಉದಾರವಾಗಿ ನೋಡಬೇಕು ಎಂದು ನ್ಯಾಯಾಲಯ ಹೇಳಿತು.

1947ರ ನಂತರ

1949ರ ಜಿನೀವಾ ಒಪ್ಪಂದಗಳಿಗೆ ಭಾರತ 1960ರಲ್ಲಿ ಕಾಯಿದೆಯ ರೂಪ ಕೊಟ್ಟಿತು. 1965ರ ಯುದ್ಧದ ಕೊನೆಯ ದಿನ, ಸೆಪ್ಟೆಂಬರ್ 22ರಂದು, ವಿಮಾನ ಉರುಳಿ ಪಾಕಿಸ್ತಾನದ ಕೈಗೆ ಸಿಕ್ಕ ಕೊಡಗಿನ ಫ್ಲೈಟ್ ಲೆಫ್ಟಿನೆಂಟ್ ಕೆ. ಸಿ. ಕಾರ್ಯಪ್ಪ ನಿವೃತ್ತ ಸೇನಾ ಮುಖ್ಯಸ್ಥ ಕೆ. ಎಂ. ಕಾರ್ಯಪ್ಪ ಅವರ ಮಗ. ಅಧ್ಯಕ್ಷ ಅಯೂಬ್ ಖಾನ್ ಕಡೆಯಿಂದ ಬಂದ ವಿಶೇಷ ಉಪಚಾರದ ಪ್ರಸ್ತಾಪವನ್ನು ತಂದೆ ಒಪ್ಪಲಿಲ್ಲ. ಎಲ್ಲ ಕೈದಿಗಳನ್ನೂ ಒಂದೇ ರೀತಿ ನೋಡಿಕೊಳ್ಳಿ ಎಂಬುದು ಅವರ ನಿಲುವಾಗಿತ್ತು. 1971ರ ಯುದ್ಧದ ನಂತರ ಭಾರತದ ಶಿಬಿರಗಳಲ್ಲಿದ್ದ ಸುಮಾರು 93 ಸಾವಿರ ಪಾಕಿಸ್ತಾನಿ ಬಂಧಿತರ ವಾಪಸಾತಿ 1974ರ ಏಪ್ರಿಲ್‌ನಲ್ಲಿ ಮುಗಿಯಿತು. ಅದೇ ಯುದ್ಧದಲ್ಲಿ ಕಾಣೆಯಾಗಿ, ಪಾಕಿಸ್ತಾನದ ಸೆರೆಮನೆಗಳಲ್ಲಿದ್ದಾರೆಂದು ಕುಟುಂಬಗಳು ನಂಬಿರುವ ಭಾರತೀಯ ಸೈನಿಕರ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.

ದಾಖಲೆಗಳ ಲಭ್ಯತೆ

ರಕ್ಷಣಾ ಸಚಿವಾಲಯ 1997ರಲ್ಲಿ ಆಜಾದ್ ಹಿಂದ್ ಫೌಜ್‌ಗೆ ಸಂಬಂಧಿಸಿದ 990 ಕಡತಗಳನ್ನು ಗೋಪ್ಯತೆಯಿಂದ ಮುಕ್ತಗೊಳಿಸಿ ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಒಪ್ಪಿಸಿತು. ಇತಿಹಾಸಕಾರ ಪ್ರತುಲ್ ಚಂದ್ರ ಗುಪ್ತ ಅವರು ಸ್ವಾತಂತ್ರ್ಯಾನಂತರ ಇದೇ ಸಚಿವಾಲಯಕ್ಕಾಗಿ ಬರೆದ ಫೌಜ್‌ನ ಇತಿಹಾಸ ಮಾತ್ರ ಅಚ್ಚಾಗದೆ ಉಳಿಯಿತು. ಅದನ್ನು ಬಹಿರಂಗಪಡಿಸುವಂತೆ ಕೇಂದ್ರ ಮಾಹಿತಿ ಆಯೋಗ 2009ರಲ್ಲಿ ಆದೇಶಿಸಿದಾಗ ಸಚಿವಾಲಯ ದೆಹಲಿ ಹೈಕೋರ್ಟಿನ ಮೊರೆಹೋಯಿತು.

ಮಾಹಿತಿ ಹಕ್ಕು ಕಾಯಿದೆ, 2005ರ 8(3)ನೇ ಕಲಂ ಇಪ್ಪತ್ತು ವರ್ಷ ಹಿಂದಿನ ಘಟನೆಗಳ ಮಾಹಿತಿಯನ್ನು, ದೇಶದ ಭದ್ರತೆಯೇ ಮೊದಲಾದ ಕೆಲವು ವಿನಾಯಿತಿಗಳನ್ನು ಬಿಟ್ಟು, ಕೊಡಬೇಕೆನ್ನುತ್ತದೆ. 24ನೇ ಕಲಂ ಗುಪ್ತಚರ ಸಂಸ್ಥೆಗಳನ್ನು ಕಾಯಿದೆಯಿಂದ ಹೊರಗಿಟ್ಟರೂ, ಮಾನವ ಹಕ್ಕುಗಳ ಉಲ್ಲಂಘನೆ ಮತ್ತು ಭ್ರಷ್ಟಾಚಾರದ ಆರೋಪಗಳಿಗೆ ಸಂಬಂಧಿಸಿದ ಮಾಹಿತಿಗೆ ಆ ರಕ್ಷಣೆ ಇಲ್ಲ. ಮಾನವ ಹಕ್ಕುಗಳ ವಿಷಯವಾದರೆ ಮಾಹಿತಿ ಆಯೋಗದ ಒಪ್ಪಿಗೆ ಪಡೆದು 45 ದಿನಗಳಲ್ಲಿ ಕೊಡಬೇಕು. 1993ರ ಸಾರ್ವಜನಿಕ ದಾಖಲೆಗಳ ಕಾಯಿದೆ ಕೇಂದ್ರದ ಕಡತಗಳನ್ನು ಕಾಪಾಡುವ, ಪತ್ರಾಗಾರಕ್ಕೆ ವರ್ಗಾಯಿಸುವ ಕ್ರಮವನ್ನು ಹೇಳುತ್ತದೆ.

ದಾಖಲೆಗಳನ್ನು ಬಚ್ಚಿಡುವುದರಿಂದ ಏನಾಗಬಹುದೆಂಬುದಕ್ಕೆ ಕೀನ್ಯಾದ ಉದಾಹರಣೆ ಪ್ರಸಿದ್ಧ. 1950ರ ದಶಕದ ಮೌ ಮೌ ದಂಗೆಯ ಕಾಲದಲ್ಲಿ ಚಿತ್ರಹಿಂಸೆಗೊಳಗಾದ ವೃದ್ಧರು ಲಂಡನ್ನಿನಲ್ಲಿ ಹೂಡಿದ ದಾವೆಯ ನಡುವೆ, 2011ರಲ್ಲಿ, 37 ಹಳೆಯ ವಸಾಹತುಗಳ ಸುಮಾರು 8,800 ಕಡತಗಳು ಹ್ಯಾನ್ಸ್‌ಲೋಪ್ ಪಾರ್ಕ್ ಎಂಬಲ್ಲಿ ಗುಟ್ಟಾಗಿ ಇವೆಯೆಂದು ಬ್ರಿಟಿಷ್ ಸರ್ಕಾರ ಒಪ್ಪಿಕೊಳ್ಳಬೇಕಾಯಿತು. 2013ರ ಜೂನ್‌ನಲ್ಲಿ 5,228 ಮಂದಿಗೆ 1.99 ಕೋಟಿ ಪೌಂಡುಗಳ ಪರಿಹಾರ ಪ್ರಕಟವಾಯಿತು.

ಇಂದು ಈ ವಿಷಯದ ಬಗ್ಗೆ ಕೆಲಸ ಮಾಡುವವರಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ ಮತ್ತು ಅದರ ‘ಅಭಿಲೇಖ ಪಟಲ’ ಜಾಲತಾಣ ಮೊದಲ ಆಕರ. ಬ್ರಿಟಿಷ್ ಸೇನಾ ಗುಪ್ತಚರ ವಿಭಾಗದ ವಿಚಾರಣಾ ವರದಿಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ‘ಡಬ್ಲ್ಯುಒ 208’ ಶ್ರೇಣಿಯಲ್ಲಿಯೂ ಇಂಡಿಯಾ ಆಫೀಸಿನ ಕಡತಗಳು ಬ್ರಿಟಿಷ್ ಲೈಬ್ರರಿಯಲ್ಲಿಯೂ ಇವೆ. ರೆಡ್ ಕ್ರಾಸ್ ಸಮಿತಿಯು ತನ್ನ ಹಳೆಯ ದಾಖಲೆಗಳನ್ನು 1996ರಿಂದ ಹಂತಹಂತವಾಗಿ ಸಾರ್ವಜನಿಕರಿಗೆ ತೆರೆಯುತ್ತ ಬಂದಿದೆ. ವ್ಯಕ್ತಿಗಳ ವೈಯಕ್ತಿಕ ವಿವರಗಳಿರುವ ಕಡತಗಳಿಗೆ ಹೆಚ್ಚಿನ ಕಾಲಮಿತಿಯಿದೆ. ಮೈಸೂರು ಸಂಸ್ಥಾನದ ಆಡಳಿತದ ಕಡತಗಳು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಸಿಗುತ್ತವೆ.